ಹೆಸರಿಲ್ಲದ ಲೇಬಲ್

"ನಾನು ಮಾತ್ರೆ ಅದಲುಬದಲು ಮಾಡಿಲ್ಲ ಚಿಕ್ಕಮ್ಮ, ಲೇಬಲ್ ನೋಡ್ಕೊಂಡೇ ತುಂಬಿದ್ದೀನಿ," ಎಂದು ಅಂಗಡಿಯ ಪ್ಯಾಕಿಂಗ್ ಅಕ್ಕ ಚಿಕ್ಕಮ್ಮನ ಮನೆ ಬಾಗಿಲಲ್ಲೇ ನಿಂತು ಅತ್ತರು.

ನನ್ನ ಚಿಕ್ಕಮ್ಮ ಇಡೀ ಬೀದಿಗೇ ಚಿಕ್ಕಮ್ಮ. ಮೂವತ್ತು ವರ್ಷ ಅಚ್ಚುಕೂಟದಲ್ಲಿ ಕರಡು ತಿದ್ದಿದ ಕಣ್ಣು ಅವರದು. ಏನು ಕಳೆದರೂ, ಯಾರ ಮೇಲೆ ಗುಮಾನಿ ಬಂದರೂ ಜನ ಅವರ ಹತ್ತಿರ ಬರುತ್ತಿದ್ದರು. ಅವರು ಬಿಡಿಸಿದ ಒಗಟುಗಳನ್ನು ಹೆಮ್ಮೆಯಿಂದ ಹೇಳಿಕೊಂಡು ತಿರುಗಿದವನು ನಾನು. ಇದೊಂದನ್ನು ಮಾತ್ರ ತಲೆ ತಗ್ಗಿಸಿಕೊಂಡು ಬರೆಯುತ್ತಿದ್ದೇನೆ.

ಮಾಲೀಕರು, ಅಕ್ಕ, ನಾನು ಮೂವರೇ ಇದ್ದ ಔಷಧಿ ಅಂಗಡಿಯಲ್ಲಿ ಅರವತ್ತು ಖಾಯಂ ಗಿರಾಕಿಗಳಿಗೆ ವಾರದ ಮಾತ್ರೆಯ ಪೊಟ್ಟಣ ಕಟ್ಟುತ್ತಿದ್ದೆವು. ಒಬ್ಬೊಬ್ಬರ ಮಾತ್ರೆಗೂ ಒಂದೊಂದು ಖಾನೆ. ಕಂಪ್ಯೂಟರಿನ ಪಟ್ಟಿಯಲ್ಲಿ ಒಂದು ಕಾಲಂ ಹೆಸರಿಗೆ, ಪಕ್ಕದ್ದು ಖಾನೆಯ ಸಂಖ್ಯೆಗೆ. ಶುಕ್ರವಾರ ಅದರಿಂದ ಲೇಬಲ್ ಅಚ್ಚಾಗುತ್ತಿತ್ತು. ಅಕ್ಕ ಹಿಂದಿನ ಕೋಣೆಯಲ್ಲಿ ಆ ಸಂಖ್ಯೆ ನೋಡಿ ತುಂಬುತ್ತಿದ್ದರು. ಸೋಮವಾರ ಆ ಗಿರಾಕಿಗಳಲ್ಲೊಬ್ಬರಾದ ದರ್ಜಿ ಮಾವ ಹೊಲಿಗೆ ಯಂತ್ರದ ಮೇಲೇ ಕುಸಿದುಬಿದ್ದರು. ಅವರ ಪೊಟ್ಟಣದಲ್ಲಿ ಇನ್ಯಾರದೋ ಸಕ್ಕರೆ ಕಾಯಿಲೆಯ ಮಾತ್ರೆಗಳಿದ್ದವು. ಜೀವವೇನೋ ಉಳಿಯಿತು. ಮಾಲೀಕರು ಪೊಟ್ಟಣಗಳನ್ನೆಲ್ಲ ವಾಪಸ್ ತರಿಸಿ, "ಖಾನೆ ತಪ್ಪಿ ಕೈ ಹಾಕಿದ್ದಾಳೆ," ಎಂದು ಅಕ್ಕನನ್ನು ಗಿರಾಕಿಗಳೆದುರೇ ಮನೆಗೆ ಕಳಿಸಿದರು. ನಾನು ಗಲ್ಲಾದ ಹಿಂದೆ ನಿಂತು ನೋಡುತ್ತಿದ್ದೆ.

ಮರುದಿನ ಚಿಕ್ಕಮ್ಮ ಅಂಗಡಿಗೆ ಬಂದರು. ಗಿರಾಕಿಗಳು ಹಿಂದಿರುಗಿಸಿದ್ದ ಹೋದ ವಾರದ ಖಾಲಿ ಪೊಟ್ಟಣಗಳನ್ನೂ ಈ ವಾರದವನ್ನೂ ಜೋಡಿಸಿ ಓದಿದರು. ಗಲ್ಲಾದ ಮೇಲಿದ್ದ ನೋಟ್‌ಬುಕ್ ತಿರುವಿದರು. ಪ್ರಿಂಟರಿನ ಕೆಳಗಿನ ಕಸದ ಬುಟ್ಟಿಗೆ ಕೈ ಹಾಕಿ, ಸಿಕ್ಕ ಕಾಗದದ ಚೂರುಗಳನ್ನು ಸೆರಗಿಗೆ ಕಟ್ಟಿಕೊಂಡರು. ನನ್ನನ್ನು ಏನೂ ಕೇಳಲಿಲ್ಲ. ನನಗೆ ಅದೇ ಭಯವಾಯಿತು.

ಸಂಜೆ ಹಿಂದಿನ ಕೋಣೆಯಲ್ಲಿ ಮಾಲೀಕರು, ಅಕ್ಕ, ದರ್ಜಿ ಮಾವನ ಹೆಂಡತಿ, ನಾನು ಸೇರಿದೆವು.

"ಪೊಟ್ಟಣದೊಳಗಿನ ಮಾತ್ರೆ, ಲೇಬಲ್ ಮೇಲಿನ ಸಂಖ್ಯೆ, ಎರಡೂ ಸರಿಯಾಗಿ ಹೊಂದುತ್ತೆ," ಎಂದು ಚಿಕ್ಕಮ್ಮ ಶುರುಮಾಡಿದರು. "ಅಂದ್ರೆ ತುಂಬಿದ ಕೈ ತಪ್ಪಿಲ್ಲ. ದರ್ಜಿಯವರದು ಹೋದ ವಾರ ಮೂವತ್ತೆರಡು, ಈ ವಾರ ಮೂವತ್ತೊಂದು. ಮೊದಲ ಹತ್ತೊಂಬತ್ತು ಜನರದ್ದು ಸರಿಯಿದೆ. ಆಮೇಲೆ ಎಲ್ಲರಿಗೂ ಒಂದೊಂದು ಕಮ್ಮಿ."

"ಹಾಗಾದ್ರೆ ಇಪ್ಪತ್ತರಲ್ಲಿ ಏನೋ ಆಗಿದೆ," ಎಂದರು ಮಾಲೀಕರು.

"ಇಪ್ಪತ್ತು ಪೋಸ್ಟ್‌ಮ್ಯಾನ್‌ದು. ಶುಕ್ರವಾರ ಅವರು ಊರು ಬಿಡ್ತೀನಿ ಅಂತ ಹೇಳಿ ಹೋದದ್ದು ನೋಟ್‌ಬುಕ್‌ನಲ್ಲಿದೆ. ಅವರ ಇಡೀ ಸಾಲು ಅಳಿಸೋ ಬದಲು ಹೆಸರನ್ನಷ್ಟೇ ಅಳಿಸಿದ್ದಾರೆ. ಕೆಳಗಿನ ಹೆಸರುಗಳೆಲ್ಲ ಒಂದೊಂದು ಮೆಟ್ಟಿಲು ಮೇಲೆ ಬಂದ್ವು, ಸಂಖ್ಯೆಗಳು ಇದ್ದಲ್ಲೇ ಉಳಿದ್ವು. ಕೊನೇ ಸಂಖ್ಯೆಗೆ ಹೆಸರೇ ಇಲ್ಲ."

ಸೆರಗಿನ ಗಂಟು ಬಿಚ್ಚಿ ಚೂರುಗಳನ್ನು ಮೇಜಿನ ಮೇಲೆ ಜೋಡಿಸಿದರು. ಬರೀ 'ಅರವತ್ತು' ಎಂದಿದ್ದ, ಹೆಸರಿಲ್ಲದ ಲೇಬಲ್.

"ಶುಕ್ರವಾರ ನೀವು ಊರಲ್ಲಿರಲಿಲ್ಲ," ಎಂದರು ಮಾಲೀಕರಿಗೆ. "ಈಕೆ ಕಂಪ್ಯೂಟರ್ ಮುಟ್ಟಲ್ಲ. ಅಳಿಸಿದ್ದು ಕೈತಪ್ಪು, ಯಾರಿಂದ್ಲಾದರೂ ಆಗುತ್ತೆ. ಆದರೆ ಬೇಡದ ಲೇಬಲ್ಲನ್ನ ಯಾರಾದರೂ ಮುದುರಿ ಎಸೀತಾರೆ. ಎಂಟು ಚೂರು ಮಾಡೋದು ತಪ್ಪು ಗೊತ್ತಾದವನು ಮಾತ್ರ." ಆಗ ನನ್ನತ್ತ ತಿರುಗಿದರು. "ನೀನು ಹೇಳ್ತೀಯಾ, ನಾನು ಹೇಳ್ಲಾ?"

"ನಾನೇ," ಎಂದೆ. "ಮಾವ ಬಿದ್ದ ಮೇಲೆ, ಪ್ರಿಂಟರಿನಲ್ಲೇ ಉಳಿದಿದ್ದ ಆ ಲೇಬಲ್ ನೋಡಿದೆ. ಆಗ್ಲೇ ಗೊತ್ತಾಯ್ತು. ಹರಿದುಹಾಕ್ದೆ. ಅಕ್ಕನ್ನ ಬೈತಿದ್ರೂ ಸುಮ್ಮನಿದ್ದೆ."

ದರ್ಜಿ ಮಾವನ ಹೆಂಡತಿ ಮುಖ ತಿರುಗಿಸಿಕೊಂಡರು. ಮಾಲೀಕರು ಅಂಗಡಿಯ ಬೀಗದ ಕೈಗೆ ಕೈ ಚಾಚಿದರು, ಕೊಟ್ಟೆ. ಅಕ್ಕನ ಕಾಲಿಗೆ ಬೀಳಹೋದೆ. ಅವರು ಹಿಂದೆ ಸರಿದರು.

"ಕಾಲಿಗೆ ಬಿದ್ರೆ ನನಗೇನು ಬಂತು? ನಮ್ಮತ್ತೆ ಇವತ್ತು ಬೆಳಿಗ್ಗೆ ನನ್ನ ಕೈಯಿಂದ ಮಾತ್ರೆ ತಗೊಳ್ಳಲಿಲ್ಲ. ಬಂದು ಅವರಿಗೆ ಹೇಳು."

ಅಕ್ಕ, ಚಿಕ್ಕಮ್ಮ, ನಾನು ಮೂವರೂ ನಡೆದುಕೊಂಡೇ ಹೋದೆವು. ಅಕ್ಕನ ಅತ್ತೆ ಹೊಸ್ತಿಲ ಹತ್ತಿರ ಕುರ್ಚಿ ಹಾಕಿಕೊಂಡಿದ್ದರು. ನಿಂತುಕೊಂಡೇ ಎಲ್ಲವನ್ನೂ ಹೇಳಿದೆ, ಲೇಬಲ್ ಹರಿದದ್ದನ್ನೂ. ಆ ಹಿರಿಯರು ನನಗೆ ಬೈಯಲಿಲ್ಲ, ನನ್ನ ಕಡೆ ನೋಡಲೂ ಇಲ್ಲ. ಸೊಸೆಯತ್ತ ಅಂಗೈ ಚಾಚಿ, "ಈ ಹೊತ್ತಿನ ಮಾತ್ರೆ ಕೊಡವ್ವ," ಎಂದರು.