ಹಿಂದಿನ ಸವಾರ

“ಲಾರಿ ಓಡಿಸ್ತಾನೆ, ಬೇಕಾದ್ರೆ ಬೆಟ್ ಕಟ್ತೀನಿ,” ಎಂದ ನಮ್ಮಣ್ಣ.

“ಲಾರಿಯವನು ಇಷ್ಟು ಮೆತ್ತಗೆ ಬ್ರೇಕ್ ಹಿಡೀತಾನಾ? ಇವನು ನರ್ಸು. ಮಕ್ಕಳ ವಾರ್ಡಿನ ನರ್ಸು,” ಎಂದರು ಟೀಚರಮ್ಮ.

ಹೊಸಬ ಹೆಲ್ಮೆಟ್ ತೆಗೆದು ಕಂಕುಳಲ್ಲಿಟ್ಟುಕೊಂಡು, ತನ್ನ ಬಗ್ಗೆಯೇ ನಡೆಯುತ್ತಿದ್ದ ಈ ಪಂಚಾಯಿತಿಯನ್ನು ಕೇಳುತ್ತ ನಗುತ್ತಿದ್ದ. ಬೆವರಿಗೆ ಹಣೆಯ ಕೂದಲು ಅಂಟಿಕೊಂಡಿತ್ತು. ನೋಡಬಾರದು ಅಂದುಕೊಂಡೇ ನೋಡಿದೆ.

ನಮ್ಮ ಭಾನುವಾರದ ಗುಂಪಿನಲ್ಲಿ ಇದೊಂದು ಆಟ. ಹೊಸಬರು ಯಾರೇ ಬರಲಿ, ಮೊದಲು ಒಂದು ಸಲ ಸೈಕಲ್ಲಿನಲ್ಲಿ ಗುಡ್ಡ ಇಳಿದು ತೋರಿಸಬೇಕು. ಕಸುಬೇನೆಂದು ಅವರು ಹೇಳುವಂತಿಲ್ಲ, ನಾವು ಕಂಡುಹಿಡಿಯಬೇಕು. ವಾರವೆಲ್ಲ ಮಾಡುವ ಕೆಲಸ ಮೈಯಿಂದ ಎಲ್ಲಿಗೆ ಹೋಗುತ್ತದೆ? ಬಸ್ ಡ್ರೈವರ್ ಅಂಕಲ್ ಪ್ರತಿ ತಿರುವನ್ನೂ ಬೆನ್ನ ಹಿಂದೆ ಬಸ್ಸು ತುಂಬ ಜನ ಕೂತಿದ್ದಾರೇನೋ ಎಂಬಂತೆ ಅಗಲಕ್ಕೆ ತೆಗೆದುಕೊಳ್ಳುತ್ತಾರೆ. ಗಣಿತದ ಟೀಚರಮ್ಮ ಬಂಡೆ ಕಂಡರೆ ನಿಂತು, ಲೆಕ್ಕ ಹಾಕಿ, ಆಮೇಲೆ ಹಾರುತ್ತಾರೆ. ಬೇಕರಿ ನಡೆಸುವ ನಮ್ಮಣ್ಣ ನಸುಕಿನಲ್ಲೇ ಬನ್ನು ಬೇಯಿಸಿ, ಕಿವಿಯ ಹಿಂದೆ ಮೈದಾ ಇಟ್ಟುಕೊಂಡೇ ಬರುವವನು. ಒಲೆಯಲ್ಲಿ ಏನೋ ಸೀಯುತ್ತಿದೆ ಎಂಬಂತೆ ಆತುರಾತುರವಾಗಿ ಇಳಿಯುತ್ತಾನೆ. ನಾನು ಡೆಂಟಲ್ ಲ್ಯಾಬಿನಲ್ಲಿ ಕಟ್ಟುವ ಹಲ್ಲು ಮಾಡುವವಳು. ಕೂದಲೆಳೆಯಷ್ಟು ಉಜ್ಜಿ ಉಜ್ಜಿ ಕೂರಿಸುವ ಕೈ. ಅದಕ್ಕೇ ಬ್ರೇಕನ್ನೂ ಕಟ್ಟಕಡೆಯ ಗಳಿಗೆಯವರೆಗೆ ಹಿಡಿಯುವುದಿಲ್ಲವಂತೆ. ಗುಂಪಿನಲ್ಲಿ ನನ್ನ ಹೆಸರು ಹಲ್ಲಮ್ಮ.

“ಹಲ್ಲಮ್ಮ, ನೀನು ಹೇಳು,” ಎಂದರು ಅಂಕಲ್.

ನಾನು ಅವನನ್ನು ಮೇಲಿನಿಂದಲೇ ಗಮನಿಸಿದ್ದೆ. ತಿರುವು ಬಂದಾಗಲೆಲ್ಲ ನಿಧಾನಿಸಿ, ನೀರು ಎಲ್ಲಿ ಹರಿಯುತ್ತದೆ, ಹುಲ್ಲು ಎಲ್ಲಿ ಕಿತ್ತುಬಂದಿದೆ ಅಂತ ನೋಡುತ್ತಿದ್ದ. ಒಂದು ಕಡೆ ಇಳಿದು, ಸಡಿಲಾಗಿದ್ದ ಮಣ್ಣನ್ನು ಶೂ ತುದಿಯಿಂದ ಒತ್ತಿಯೂ ಇದ್ದ.

“ಮಾಲಿ,” ಎಂದೆ. “ದೊಡ್ಡ ಪಾರ್ಕ್ ಯಾವುದನ್ನೋ ನೋಡ್ಕೊಳ್ಳೋ ಮಾಲಿ.”

ಅವನು ಹುಬ್ಬೇರಿಸಿದ. “ಪರವಾಗಿಲ್ವೇ!”

ಅಷ್ಟೇ. ಹೌದು ಎನ್ನಲಿಲ್ಲ, ಅಲ್ಲ ಎನ್ನಲೂ ಇಲ್ಲ. ನಾನು ಗೆದ್ದೆನೆಂದು ಕುಣಿದು, ಅಣ್ಣನ ಕೈಯಿಂದ ಬಹುಮಾನದ ಬನ್ನು ಕಿತ್ತುಕೊಂಡೆ. ಅರ್ಧ ಮುರಿದು ಅವನಿಗೇ ಕೊಟ್ಟೆ. ಎಂಥ ದಡ್ಡಿ ನಾನು!

ಅಂದಿನಿಂದ ಅವನು ಎಲ್ಲರಿಗೂ ಮಾಲಿ. ಪ್ರತಿ ಭಾನುವಾರ ಬರುತ್ತಿದ್ದ, ಯಾವಾಗಲೂ ನನ್ನ ಹಿಂದೆ ಇಳಿಯುತ್ತಿದ್ದ.

“ಮುಂದೆ ಹೋಗಿ, ದಾರಿ ಬಿಡ್ತೀನಿ,” ಎಂದೆ ಒಮ್ಮೆ.

“ಬೇಡ, ಹಿಂದೆನೇ ಚೆನ್ನಾಗಿ ಕಾಣುತ್ತೆ.”

“ಏನು, ಗುಡ್ಡಾನಾ?”

“ಗುಡ್ಡಾನೂ ಕಾಣುತ್ತೆ.”

ಆ ‘ಊ’ಕಾರಕ್ಕೆ ನನ್ನ ಕಿವಿ ಬಿಸಿಯಾಯಿತು. ಹೆಲ್ಮೆಟ್ ಇದ್ದದ್ದು ಪುಣ್ಯ. ಇಳಿಯುವಾಗ ಹಿಂದಿನಿಂದ ಅವನ ಚಕ್ರದ ಸದ್ದು ಕೇಳಿಸಿದರೆ ಸಾಕು, ಎಂಥ ಇಳಿಜಾರೂ ಹೆದರಿಸುತ್ತಿರಲಿಲ್ಲ. ಬಿದ್ದರೆ ಎತ್ತುವವನೊಬ್ಬ ಇದ್ದಾನೆ ಅನಿಸುತ್ತಿತ್ತು. ಲ್ಯಾಬಿನಲ್ಲಿ ಯಾರದೋ ದವಡೆಯ ಅಚ್ಚು ಹಿಡಿದುಕೊಂಡು ಒಬ್ಬಳೇ ನಗುತ್ತಿದ್ದರೆ, ಪಕ್ಕದ ಟೇಬಲಿನವಳು “ಹಲ್ಲು ಜೋಕ್ ಹೇಳ್ತಾ ಏನೇ?” ಎಂದು ತಿವಿಯುತ್ತಿದ್ದಳು.

ಹಾಗೆ ಮೈಮರೆತಿದ್ದಾಗಲೇ ಅವನನ್ನು ಗುಟ್ಟಿಗೆ ಕರೆದುಕೊಂಡು ಹೋದೆ.

ಗುಟ್ಟು ಅಂದರೆ ನನ್ನ ಮತ್ತು ಅಣ್ಣನ ದಾರಿ. ಗುಡ್ಡದ ಹಿಂಬದಿಯಲ್ಲಿ, ಸಲಿಕೆ ಗುದ್ದಲಿ ಹಿಡಿದು, ಕಲ್ಲೆತ್ತಿ, ಬೇರು ಕಡಿದು, ವರ್ಷಗಟ್ಟಲೆ ರಜಾದಿನಗಳಲ್ಲಿ ನಾವಿಬ್ಬರೇ ಮಾಡಿದ್ದು. ಅಪ್ಪ ಅಮ್ಮ ಬೇರೆಯಾದ ವರ್ಷ ಶುರುಮಾಡಿದ ಕೆಲಸ ಅದು. ಮನೆಯಲ್ಲಿ ಯಾರ ಜೊತೆಯೂ ಮಾತಾಡಲಾಗದ ದಿನಗಳಲ್ಲಿ ನಾವಿಬ್ಬರೂ ಅಲ್ಲಿ ಮಣ್ಣು ಅಗೆದೆವು. ಅಪ್ಪಣೆ ಪಡೆದ ದಾರಿಯಲ್ಲ ಎಂದು ಗೊತ್ತಿತ್ತು. ಅದಕ್ಕೇ ಅಣ್ಣನದು ಒಂದೇ ಮಾತು: “ಹಲ್ಲಮ್ಮ, ಗುಂಪಿನವರೂ ಬೇಡ. ಇದು ನಮ್ಮಿಬ್ಬರಲ್ಲೇ ಇರ್ಲಿ.”

ಆ ಮಾತು ಮುರಿದೆ. ಇಷ್ಟವಾದವನಿಗೆ ಇಷ್ಟವಾದದ್ದನ್ನು ತೋರಿಸದಿದ್ದರೆ ಹೊಟ್ಟೆ ಉಬ್ಬಿ ಸಾಯುತ್ತಿದ್ದೆ.

ಗುಟ್ಟಿನ ನಡುವೆ ಒಂದು ದಿಬ್ಬ, ಅದರಾಚೆ ಕಣ್ಣಿಗೆ ಕಾಣದ ತಿರುವು. ದಿಬ್ಬ ಇನ್ನೂ ದೂರವಿರುವಾಗಲೇ ಬ್ರೇಕ್ ಬಿಟ್ಟರೆ, ನೆತ್ತಿಯವರೆಗೂ ನಾನು ಮತ್ತೆ ಮುಟ್ಟುವುದಿಲ್ಲ. ಹಿಂದೆ ಬರುತ್ತಿದ್ದವನು ನನ್ನನ್ನೇ ನೋಡುತ್ತ ಬಂದು, ತಿರುವಿನಲ್ಲಿ ಧೊಪ್ಪನೆ ಬಿದ್ದ. ಓಡಿಹೋಗಿ ನೋಡಿದರೆ ಮುಂದಿನ ಹಲ್ಲು ಅರ್ಧ ಮುರಿದಿತ್ತು. ರಕ್ತ ಒರೆಸಿಕೊಳ್ಳುತ್ತ ಹೇಳುತ್ತಾನೆ, “ಸರಿಯಾದವರ ಮುಂದೆನೇ ಮುರೀತು.”

ನಗಬೇಕೋ ಅಳಬೇಕೋ ತಿಳಿಯಲಿಲ್ಲ. ಅಂದು ‘ನೀವು’ ಹೋಗಿ ‘ನೀನು’ ಬಂತು.

ಮುಂದಿನ ಹಲ್ಲಿಗೆ ಕ್ಯಾಪ್ ಮಾಡುವಾಗ ಪಕ್ಕದ ಹಲ್ಲಿನ ಬಣ್ಣಕ್ಕೆ ಹೊಂದಿಸಬೇಕು. ಟ್ಯೂಬ್‌ಲೈಟಿನಲ್ಲಿ ಅದು ಆಗದು, ಹಗಲ ಬೆಳಕೇ ಬೇಕು. ಡಾಕ್ಟರು ಅವನನ್ನು ನಮ್ಮ ಲ್ಯಾಬಿಗೆ ಕಳಿಸಿದರು. ಕಿಟಕಿಯ ಪಕ್ಕ ಸ್ಟೂಲ್ ಮೇಲೆ ಕೂರಿಸಿ, ಮಾದರಿ ಹಲ್ಲುಗಳನ್ನು ಒಂದೊಂದಾಗಿ ಅವನ ತುಟಿಯ ಬಳಿ ಹಿಡಿದೆ. ಇಷ್ಟು ಹತ್ತಿರದಿಂದ ಅವನ ಮುಖ ಕಂಡಿರಲಿಲ್ಲ. ಕೆಳತುಟಿಯ ಮೇಲೆ ಬಿದ್ದಾಗಿನ ಗೀರು, ಗಲ್ಲದಲ್ಲಿ ಶೇವ್ ಮಾಡುವಾಗ ತಪ್ಪಿಸಿಕೊಂಡ ನಾಲ್ಕು ಕೂದಲು. ಅವನ ಕಣ್ಣು ನನ್ನ ಕಣ್ಣಿನಿಂದ ಕದಲಲೇ ಇಲ್ಲ.

“ಹಲ್ಲು ನೋಡ್ಬೇಕಾಗಿರೋದು ನಾನು. ನೀನೇನು ನೋಡ್ತಿದೀಯ?”

“ನಾನೊಂದು ಮಾತು ಹೇಳ್ಬೇಕು,” ಎಂದ.

“ಸುಮ್ನಿರು. ಬಾಯಿ ತೆರೆದಿಟ್ಟು ಹಲ್ಲು ಒಣಗಿದ್ರೆ ಬಣ್ಣ ಬಿಳಿಚಿಕೊಳ್ಳುತ್ತೆ. ಆಮೇಲೆ ಹೇಳುವಿಯಂತೆ.”

ಆ ಮಾತು ಯಾವುದೆಂದು ನನಗೆ ಗೊತ್ತು ಅಂದುಕೊಂಡು ಒಳಗೊಳಗೇ ಹಿಗ್ಗಿದೆ. ಜನ್ಮದಲ್ಲಿ ಅಷ್ಟು ಚೆಂದದ ಹಲ್ಲು ಮಾಡಿಲ್ಲ. ತಾಯಿ ಹೆತ್ತ ಹಲ್ಲು ಯಾವುದು, ನಾನು ಮಾಡಿದ್ದು ಯಾವುದು ಅಂತ ನಾನೇ ಹುಡುಕಬೇಕಿತ್ತು. ಆಮೇಲಿನ ಭಾನುವಾರಗಳಲ್ಲಿ ಅವನು ಆ ಹಲ್ಲು ತೋರಿಸಿ ನಕ್ಕ, ನನ್ನ ಸೈಕಲ್ಲಿನ ಚೈನಿಗೆ ಎಣ್ಣೆ ಬಿಟ್ಟ, ಮರದ ಹಿಂದೆ ಯಾರೂ ಇಲ್ಲದಾಗ ಲ್ಯಾಬಿನಲ್ಲಿ ನನ್ನ ಬೆರಳಿಗಾಗಿದ್ದ ಗಾಯಕ್ಕೆ ಮುತ್ತು ಕೊಟ್ಟ. ಆ ಒಂದು ಮಾತು ಮಾತ್ರ ಹೇಳಲಿಲ್ಲ.

ಆ ಗುರುವಾರ ಲ್ಯಾಬಿಗೆ ರಜೆ. ಒಬ್ಬಳೇ ಗುಟ್ಟಿಗೆ ಹೋದೆ.

ದಿಬ್ಬಕ್ಕೆ ಇನ್ನೂ ದೂರವಿರುವಾಗಲೇ ಕೊಂಬೆಯೊಂದರಲ್ಲಿ ಕೆಂಪು ಪಟ್ಟಿ ಆಡುತ್ತಿತ್ತು. ಬ್ರೇಕ್ ಹಿಡಿದೆ. ಅದರ ಮುಂದೆ, ಸಮತಟ್ಟಾದ ಜಾಗದಲ್ಲಿ, ಅಡ್ಡಲಾಗಿ ಹೊಸ ಮರದ ಬೇಲಿ. ‘ಈ ದಾರಿ ಮುಚ್ಚಲಾಗಿದೆ’ ಎಂಬ ಬೋರ್ಡು, ಕೆಳಗೆ ಗುಡ್ಡ ಸಂರಕ್ಷಣಾ ಕಚೇರಿಯ ವಿಳಾಸ. ಬೇಲಿಯಾಚೆ ದಿಬ್ಬವನ್ನು ಅಗೆದು ಹಾಕಿದ್ದರು. ಅಣ್ಣ ಹೊತ್ತು ತಂದು ಕೂರಿಸಿದ್ದ ಕಲ್ಲುಗಳು ಬದಿಯಲ್ಲಿ ರಾಶಿ ಬಿದ್ದಿದ್ದವು. ಬೇಲಿಯ ಪಕ್ಕ ಕೂತು ಅತ್ತೆ.

ಅಳು ನಿಂತ ಮೇಲೆ ಬೇಲಿಯನ್ನು ಮತ್ತೆ ನೋಡಿದೆ. ಏನೋ ಸರಿಯಿರಲಿಲ್ಲ. ಈ ಕಚೇರಿಯವರು ಬೇಲಿ ಹಾಕುವುದು ಯಾವಾಗಲೂ ದಾರಿ ಕಿರಿದಾಗುವ ಕಡೆ, ಎರಡು ಕಂಬದಲ್ಲಿ ಕೆಲಸ ಮುಗಿಯಲಿ ಎಂದು. ಇಲ್ಲಿ ಕಿರಿದಾಗುವುದು ತಿರುವಿನಾಚೆ. ಅಲ್ಲಿ ಹಾಕಿದ್ದರೆ ನಾನು ವೇಗವಾಗಿ ಬಂದು ಗುದ್ದಿ ಕತ್ತು ಮುರಿದುಕೊಳ್ಳುತ್ತಿದ್ದೆ. ಇವರು ಅದನ್ನು ಬಿಟ್ಟು, ಕಂಬದ ಮೇಲೆ ಕಂಬ ನೆಟ್ಟು, ಅಗಲ ಜಾಗವನ್ನು ಮುಚ್ಚಿದ್ದರು. ಪಟ್ಟಿ ಕಟ್ಟಿದ್ದು ನಾನು ಸೈಕಲ್ ಮೇಲೆ ಬಗ್ಗಿದಾಗ ನನ್ನ ಕಣ್ಣು ಇರುವ ಎತ್ತರಕ್ಕೆ. ನಾನು ಬ್ರೇಕ್ ಬಿಡುವ ಜಾಗಕ್ಕೆ ಸ್ವಲ್ಪ ಮುಂಚೆ.

ಗುಟ್ಟಿನಲ್ಲಿ ನನ್ನ ಜೊತೆ ಇಳಿದವರು ಇಬ್ಬರೇ. ಅಣ್ಣ ನನ್ನ ಮುಂದೆ ಇಳಿಯುತ್ತಾನೆ. ನಾನು ಎಲ್ಲಿ ಬ್ರೇಕ್ ಬಿಡುತ್ತೇನೆಂದು ಕಂಡವನು, ಹಿಂದೆ ಇಳಿದವನೊಬ್ಬನೇ.

ಅಲ್ಲ, ಇರಲಾರದು, ದೇವರೇ ಅವನಾಗಿರದಿರಲಿ ಅಂದುಕೊಳ್ಳುತ್ತಲೇ ಆ ವಿಳಾಸಕ್ಕೆ ಸೈಕಲ್ ತುಳಿದೆ.

ಕಚೇರಿಯ ಹಿಂದಿನ ಅಂಗಳದಲ್ಲಿ ಕಂಬಗಳ ರಾಶಿ, ಬೋರ್ಡುಗಳು, ಕೆಂಪು ಪಟ್ಟಿಯ ಸುರುಳಿಗಳು. ಕಿತ್ತಳೆ ಬಣ್ಣದ ಜಾಕೆಟ್ ಹಾಕಿಕೊಂಡವನೊಬ್ಬ ಗುದ್ದಲಿಯ ಮಣ್ಣು ಕೆರೆಯುತ್ತಿದ್ದ. ತಿರುಗಿದ. ನನ್ನನ್ನು ಕಂಡ ಕೂಡಲೇ ಗುದ್ದಲಿ ಕೆಳಗಿಟ್ಟ.

“ಎಂಥ ಮಾಲಿ ನೀನು!” ಎಂದೆ. “ಯಾವ ಪಾರ್ಕಿನವನು?”

“ಕೂತ್ಕೋ. ಎಲ್ಲ ಹೇಳ್ತೀನಿ.”

“ನಿಂತೇ ಕೇಳ್ತೀನಿ, ಹೇಳು.”

“ಅಪ್ಪಣೆ ಇಲ್ಲದ ದಾರಿ ಹುಡುಕಿ ಮುಚ್ಚೋದೇ ನನ್ನ ಕೆಲಸ. ಮೊದಲನೇ ಭಾನುವಾರ ಅದಕ್ಕೇ ಬಂದೆ, ನಿಜ. ಎರಡನೇದರಿಂದ ನಿನಗೋಸ್ಕರ ಬಂದೆ. ಅದೂ ನಿಜ.”

“ಮತ್ತೆ ಮುಚ್ಚಿದ್ದು ಯಾರಿಗೋಸ್ಕರ?”

“ಆ ತಿರುವಿನ ಮಣ್ಣು ಕುಸೀತಿದೆ. ಕೆಳಗೆ ಮನೆಗಳಿವೆ. ಜೋರು ಮಳೆ ಬಂದ್ರೆ ಕಲ್ಲೆಲ್ಲ ಅವರ ಮೇಲೆ ಹೋಗುತ್ತೆ. ನೋಡಿಯೂ ಸುಮ್ನಿರೋಕೆ ಆಗ್ಲಿಲ್ಲ.”

“ನನ್ನ ಹತ್ರ ಹೇಳೋಕೆ ಏನು ಧಾಡಿ? ಅಣ್ಣನೂ ನಾನೂ ಸೇರಿ ನಾವೇ ಮುಚ್ತಿದ್ವಿ. ನಮ್ಮ ಕೈಯಾರೆ.”

“ಹೇಳೋಕೆ ಬಂದೆ, ಅವತ್ತು ಕಿಟಕಿ ಹತ್ರ. ನೀನು ಸುಮ್ನಿರು ಅಂದೆ.”

“ಅದಾದ್ಮೇಲೆ ನಿನ್ನ ಬಾಯಿಗೆ ಬೀಗ ಹಾಕಿದ್ರಾ? ನಾನು ಮಾಡಿದ ಹಲ್ಲು ಕಟ್ಟಿಸ್ಕೊಂಡು ನನ್ನ ಹತ್ರಾನೇ ಬಾಯಿ ಬಿಡ್ಲಿಲ್ಲ ನೀನು!”

“ಹೇಳಿದ್ರೆ ನೀನು ಬಿಟ್ಟು ಹೋಗ್ತೀಯ ಅಂತ ಹೆದರಿದೆ. ಸಾಹೇಬ್ರು ಬೇರೆಯವರನ್ನ ಕಳಿಸ್ತೀನಿ ಅಂದ್ರು. ಅವರು ತಿರುವಿನಾಚೆ ಹಾಕ್ತಿದ್ರು. ನೀನು ಬ್ರೇಕ್ ಹಿಡಿಯೋದು ತಡ ಅಂತ ನಾನೇ ಹೋಗಿ ಹಾಕಿದೆ.”

ಅಯ್ಯೋ, ಅದೇ ಅಲ್ಲವೇ ಸಂಕಟ! ಶುದ್ಧ ನೀಚನಾಗಿದ್ದರೆ ಉಗಿದು ಬಂದು ಮಲಗಿಬಿಡುತ್ತಿದ್ದೆ. ಕತ್ತು ಮುರಿಯದಿರಲಿ ಎಂದು ಕಂಬ ನೆಟ್ಟವನು, ನಂಬಿಸಿ ಕತ್ತು ಕೊಯ್ದಿದ್ದ. ಎರಡೂ ಒಂದೇ ಕೈ.

ಬೇಕರಿಗೆ ಹೋಗಿ ಅಣ್ಣನಿಗೆ ಹೇಳಿದೆ. ಅವನು ಹಿಟ್ಟು ನಾದುತ್ತಿದ್ದವನು ನಾದುತ್ತಲೇ ಇದ್ದ.

“ನೀನೇ ಕರ್ಕೊಂಡು ಹೋದ್ಯಾ?”

“ಹೂಂ ಕಣೋ.”

ಹಿಟ್ಟಿನ ಕೈಯಲ್ಲೇ ನನ್ನ ತಲೆ ಸವರಿದ. “ದಾರಿ ಹೋಗ್ಲಿ ಬಿಡು. ನೀನು ಬೀಳ್ಲಿಲ್ವಲ್ಲ,” ಎಂದ. ಬೈದಿದ್ದರೆ ತಡೆದುಕೊಳ್ಳುತ್ತಿದ್ದೆ. ಅವನ ಏಪ್ರನ್ನಿಗೆ ಮುಖವಿಟ್ಟು ಗೊಳೋ ಎಂದು ಅತ್ತೆ.

ಭಾನುವಾರ ಅವನು ಬಂದ. ಬರುವುದಿಲ್ಲವೆಂದು ನಾನು ಎಣಿಸಿದ್ದೆ. ಎಲ್ಲರ ಮುಂದೆ ಹೆಲ್ಮೆಟ್ ತೆಗೆದು ನಿಂತು, “ನಾನು ಮಾಲಿ ಅಲ್ಲ,” ಎಂದು ಶುರುಮಾಡಿ, ತನ್ನ ಕಸುಬನ್ನೂ ಮಾಡಿದ್ದನ್ನೂ ಮುಚ್ಚಿಡದೆ ಹೇಳಿದ. ಟೀಚರಮ್ಮ ಕನ್ನಡಕ ಒರೆಸಿಕೊಂಡರು. ಅಣ್ಣ ಬಿಗಿಯಾಗೇ ಇದ್ದ ಚೈನನ್ನು ಮತ್ತೆ ಬಿಗಿಮಾಡಲು ಕೂತ.

“ಅವತ್ತೇ ಹೇಳಿದ್ರೆ ಬನ್ನು ಕೊಡ್ತಿರಲಿಲ್ವೇನಯ್ಯಾ?” ಎಂದರು ಬಸ್ ಡ್ರೈವರ್ ಅಂಕಲ್. “ಕೊಡ್ತಿದ್ವಿ.”

ಅವನು ನನ್ನ ಬಳಿ ಬಂದ. “ಆಚೆ ಇಳಿಜಾರಲ್ಲಿ ಗಟ್ಟಿ ನೆಲ ಇದೆ. ನಿಮ್ಮಿಬ್ಬರಿಗೂ ಅಲ್ಲಿ ದಾರಿ ಮಾಡೋಕೆ ಅಪ್ಪಣೆ ಕೇಳಿದೀನಿ. ನಾನೂ ಅಗೀತೀನಿ. ನಿನ್ನನ್ನ ಪ್ರೀತಿಸ್ತೀನಿ, ಹಲ್ಲಮ್ಮ. ಅವತ್ತು ಇದನ್ನೂ ಹೇಳ್ಬೇಕು ಅಂತಿದ್ದೆ.”

ಎಷ್ಟು ಭಾನುವಾರ ಕಾದಿದ್ದೆ ಈ ಮಾತಿಗೆ! ಕೇಳಿ ಹಿಗ್ಗಿದೆ, ಅದೇ ಉಸಿರಿನಲ್ಲಿ ನೊಂದೆ.

“ನಾನೂ ಪ್ರೀತಿಸಿದೆ,” ಎಂದೆ. “ಸುಳ್ಳು ಹೇಳೋಕೆ ನನಗೆ ಬರಲ್ಲ. ಅಣ್ಣ ಒಪ್ಪಿದ್ರೆ ಅವನ ಜೊತೆ ಅಗಿ. ಇವತ್ತು ನೀನು ಮುಂದೆ ಇಳಿ.”

“ನೀನು?”

“ಹಿಂದೆ ಬರ್ತೀನಿ.”

ಅವನ ಮುಖ ಅರಳಿತು. ಸೈಕಲ್ ಹತ್ತಿದ. ಮೊದಲ ಬಾರಿಗೆ ಅವನ ಬೆನ್ನು ನೋಡುತ್ತ ಇಳಿದೆ. ತಿರುವು ತಿರುವಿಗೂ ತಿರುಗಿ ನೋಡುತ್ತಿದ್ದ, ನಾನಿದ್ದೇನೆಂದು ಖಾತ್ರಿಯಾದ ಮೇಲೆ ಮುಂದೆ ಹೋಗುತ್ತಿದ್ದ. ಹಿಂದೆ ಯಾರೋ ಇದ್ದಾರೆ ಎಂಬ ನಂಬಿಕೆಯಲ್ಲಿ ಮನುಷ್ಯ ಎಷ್ಟು ಹಗುರಾಗಿ ಇಳಿಯುತ್ತಾನೆ! ನಾನೂ ಹೀಗೇ ಇಳಿಯುತ್ತಿದ್ದೆ.

ದಾರಿ ಎರಡಾಗುವಲ್ಲಿ ಅವನು ಬಲಕ್ಕೆ ಹೋದ, ಎಂದಿನಂತೆ, ಇಳಿದ ಮೇಲೆ ಎಲ್ಲರೂ ಸೇರುವ ಅಣ್ಣನ ಬೇಕರಿಯ ಕಡೆಗೆ. ನಾನು ಎಡಕ್ಕೆ ತಿರುಗಿಸಿದೆ.

ಸ್ವಲ್ಪ ಹೊತ್ತಿಗೆ ಕೆಳಗಿನಿಂದ ಬ್ರೇಕಿನ ಸದ್ದು, ಆಮೇಲೆ “ಹಲ್ಲಮ್ಮಾ...” ಎಂಬ ಕೂಗು. ಇನ್ನೊಂದು ಸಲ, ಇನ್ನೂ ಜೋರಾಗಿ. ಅಳುತ್ತಲೇ ಇಳಿದೆ, ಕಣ್ಣು ಮಂಜಾಗಿ ದಾರಿಯೇ ಕಾಣಿಸುತ್ತಿರಲಿಲ್ಲ. ಆದರೂ ನಿಲ್ಲಿಸಲಿಲ್ಲ.

ಕನ್ನಡಿ ನೋಡಿದಾಗಲೆಲ್ಲ ಅವನಿಗೆ ನನ್ನ ನೆನಪಾಗುತ್ತದೆ, ನನಗೆ ಗೊತ್ತು. ಆ ಹಲ್ಲು ಅಷ್ಟು ಸುಲಭಕ್ಕೆ ಅಲ್ಲಾಡುವುದಿಲ್ಲ, ಬಣ್ಣವೂ ಮಾಸುವುದಿಲ್ಲ. ನಾನು ಮಾಡಿದ ಕೆಲಸದಲ್ಲಿ ಮೋಸ ಇಲ್ಲ.