ಅಟ್ಟದ ಮೇಲಿನ ಕಾಯಿ

ಅರುಣ್‌ಕುಮಾರನಿಗೆ ತಾಳ್ಮೆ ಇರಲಿಲ್ಲ.

"ಎಷ್ಟೊತ್ತೇ ನಯನಾ? ಅಲ್ಲಾಡ್ಸಿ ನೋಡೇ ಬೇಗ!" ಎಂದು ಏಣಿಯ ಕೆಳಗಿನಿಂದ ಕೂಗಿದ.

ಅವನ ತಂಗಿ ನಯನಾ ಐದನೇ ಕ್ಲಾಸು. ಅಟ್ಟದ ಮೇಲೆ ತೆಂಗಿನಕಾಯಿಗಳ ನಡುವೆ ಕುಕ್ಕರಗಾಲಲ್ಲಿ ಕೂತಿದ್ದಳು. ಗಂಡಸಿ ಊರಿನ ಆ ಮನೆಯ ಹಳೇ ಅಟ್ಟ ತಡೆಯುವಷ್ಟು ಹಗುರವಾಗಿದ್ದವಳು ಅವಳೊಬ್ಬಳೇ. ಕಾಯಿ ಅಲ್ಲೇ ವರ್ಷದ ಹತ್ತಿರ ಬಿದ್ದಿದ್ದು, ಒಳಗೊಳಗೇ ಒಣಗಿ ಕೊಬ್ಬರಿಯಾಗಬೇಕು. ಅಲ್ಲಾಡಿಸಿದಾಗ ಲೊಡಲೊಡ ಎಂದರೆ ಆಗಿದೆ. ಸದ್ದಿಲ್ಲದಿದ್ದರೆ ಇನ್ನೂ ಹಸಿ.

ಕೊಬ್ಬರಿ ಆಗಿದ್ದರೆ ಮಾರಿ, ಮೊದಲ ಕಂತು ಕಟ್ಟಿ ಅಣ್ಣನನ್ನು ಪೈಲಟ್ ಟ್ರೈನಿಂಗಿಗೆ ಸೇರಿಸುವುದು, ಇಲ್ಲದಿದ್ದರೆ ಇಲ್ಲ. ಅಪ್ಪ ಲಕ್ಕಪ್ಪ ಹಾಗೆಂದುಬಿಟ್ಟಿದ್ದ. ಸೋಮವಾರದೊಳಗೆ ದುಡ್ಡು ಕಟ್ಟದಿದ್ದರೆ ಈ ಬ್ಯಾಚು ಹೋಯಿತು.

"ಇರೋ ಪೈಲಟ್‌ಗಳ್ನೇ ಮನೆಗೆ ಕಳಿಸ್ತಾವ್ರೆ ಅಂತ ಪೇಪರ್ನಾಗೆ ಬಂದೈತೆ. ಈಗ ಹೋಗಿ ಏನ್ಲಾ ಮಾಡ್ತೀಯ?" ಕೆಳಗೆ ಅಪ್ಪ ಮತ್ತೆ ಶುರು ಮಾಡಿದ.

"ಈಗ್ಲೇ ಹೋಗ್ಬೇಕು ಕಣಪ್ಪ. ಕಲಿಯೋಕೇ ಎರಡು ವರ್ಷ ಬೇಕು. ಅಷ್ಟೊತ್ತಿಗೆ ಕೆಲಸ ತಿರ್ಗಾ ಶುರುವಾಗಿರ್ತವೆ."

"ಆಗ್ದೇ ಇದ್ರೆ?"

"ನೀನೂ ರೇಟ್ ಬಿದ್ದಾಗ್ಲೇ ಅಲ್ವಾ, ಏರೋ ಹೊತ್ತಿಗೆ ಕೊಬ್ಬರಿ ಆಗ್ಲಿ ಅಂತ ಕಾಯಿ ಅಟ್ಟಕ್ಕೆ ಹಾಕೋದು?"

"ಅಟ್ಟದಾಗಿರೋ ಕಾಯಿ ಹೊತ್ತೊತ್ತಿಗೆ ಮುದ್ದೆ ಕೇಳಲ್ಲ ಕಣ್ಲಾ!"

ನಯನಾಗೆ ತಲೆ ಕೆಟ್ಟಿತು. ಅಣ್ಣ ಮಾತಾಡಿದಾಗ ಅಣ್ಣನೇ ಸರಿ ಅನ್ನಿಸುತ್ತಿತ್ತು. ಅಪ್ಪ ಬಾಯಿ ತೆರೆದರೆ ಅಪ್ಪನೇ ಸರಿ.

ಮೊದಲ ಕಾಯಿ ಲೊಡಲೊಡ ಎಂದಿತು. ಕೆಳಗೆ ಹಾಕಿದಳು. ಎರಡನೆಯದೂ ಎಂದಿತು. ಮೂರನೆಯದು ಸುಮ್ಮನಿತ್ತು. ಅಣ್ಣ ಕತ್ತೆತ್ತಿ ಅವಳನ್ನೇ ನೋಡುತ್ತಿದ್ದ.

"ಇದೂ ಆಗೈತೆ," ಎಂದು ಹಾಕಿಬಿಟ್ಟಳು. ಸದ್ದಿಲ್ಲದ ಇನ್ನೆರಡನ್ನೂ ಹಾಕಿದಳು.

ಅಪ್ಪ ಸುಲಿದು ಒಡೆದ. ಮೊದಲ ಎರಡರಿಂದ ಗುಂಡನೆಯ ಕೊಬ್ಬರಿ ಉರುಳಿ ಬಂತು. ಉಳಿದ ಮೂರರಲ್ಲಿ ತಿರುಳು ಚಿಪ್ಪಿಗೆ ಅಂಟಿಕೊಂಡೇ ಇತ್ತು. ಒಡೆದ ಮೇಲೆ ಅವು ಇನ್ನು ಉಂಡೆ ಕೊಬ್ಬರಿ ಆಗುವ ಹಾಗಿರಲಿಲ್ಲ.

"ಇವು ಸದ್ದು ಮಾಡಿದ್ವಾ?"

ನಯನಾ ಏಣಿ ಇಳಿದು ನಿಂತಳು. "ಇಲ್ಲ."

ಅಪ್ಪ ಬೈಯಲಿಲ್ಲ. ಅದಕ್ಕೇ ಅವಳಿಗೆ ಇನ್ನೂ ಕಸಿವಿಸಿಯಾಯಿತು.

"ಎಲ್ಲಾ ಒಂದೇ ದಿನ ಹಾಕಿದ್ದಲ್ವಾ ಅಪ್ಪ?" ಎಂದಳು.

"ಒಂದೇ ದಿನ ಹಾಕಿದ್ರೆ ಒಂದೇ ದಿನ ಆಯ್ತವಾ? ಐದ್ರಾಗೆ ಮೂರು ಹಸಿ ಅಂದ್ರೆ ಮೇಲಿರೋವ್ಕೂ ಇನ್ನೂ ಕಾಯ್ಬೇಕು, ಅಷ್ಟೇಯ."

"ಅಣ್ಣ, ಈಗ ಹೋಗಿದ್ರೆ ಎರಡು ವರ್ಷಕ್ಕೆ ವಿಮಾನದೋರು ನಿನ್ನ ಕರೀತಿದ್ರಾ?"

"ಕರೀಬೋದಿತ್ತು," ಎಂದ ಅಣ್ಣ, ಒಡೆದ ಚಿಪ್ಪನ್ನು ಕಾಲಿನಿಂದ ತಳ್ಳುತ್ತ.

"ಕಾದು ಆಮೇಲೆ ಹೋದ್ರೆ ಕರೀತಾರಾ ಅಪ್ಪ?"

ಅಪ್ಪ ಮಚ್ಚು ಒರೆಸಿದ. "ಯಾರಿಗ್ ಗೊತ್ತವ್ವ."

ಇಬ್ಬರೂ ಅಟ್ಟದ ಕಡೆ ನೋಡುತ್ತ ನಿಂತರು. ಅಷ್ಟು ಜೋರಾಗಿ ಜಗಳ ಆಡಿದವರು ಇವರೇನಾ ಎಂದುಕೊಂಡಳು ನಯನಾ. ಇಬ್ಬರಿಗೂ ಗೊತ್ತಿರಲಿಲ್ಲ. ಅವಳಿಗಿಂತ ಒಂಚೂರೂ ಹೆಚ್ಚು ಗೊತ್ತಿರಲಿಲ್ಲ.

ಸೋಮವಾರ ಬಂತು, ಹೋಯಿತು. ಅರುಣ್ ಮನೆಯಲ್ಲೇ ಇದ್ದ.

ಹಾಳಾದದ್ದು ಮೂರು ಕಾಯಿ, ಒಂದು ಬ್ಯಾಚು.