ಮಸ್ಕಿ ತಣ್ಣಗಾದ ಬ್ಯಾಸಿಗಿ

ಬಿಳೀ ಬಣ್ಣ ಬಳಿದ ಆ ಪೆಟ್ಟಿಗಿ ಬಂಡಿ ಮ್ಯಾಲ ನಮ್ಮ ಹಿತ್ತಲಿಗೆ ಬಂದಾಗ ನಾನು ಅದನ್ನ ಪಾರಿವಾಳದ ಗೂಡು ಅಂದ್ಕೊಂಡೆ. ನಾಕು ಉದ್ದನ ಕಾಲು, ಗಾಳಿ ಆಡೂ ಹಂಗ ಸುತ್ತಲೂ ಸಂದಿ ಬಿಟ್ಟು ಜೋಡಿಸಿದ ಹಲಗಿ, ಮುಂದೊಂದು ಸಣ್ಣ ಬಾಗಿಲು. ಮತ್ತೇನು ಅಂದ್ಕೋಬೇಕು? ಬಂಡಿ ಹಿಂದ ಸೈಕಲ್ ನೂಕ್ಕೊಂತ ಒಬ್ಬಾತ ಬಂದ. ತೆಳ್ಳಗ, ಎತ್ತರಕ, ಹಣಿ ತುಂಬ ವಿಭೂತಿ. ಮುಖದಾಗ ನಗಿ ಹುಡುಕಿದ್ರೂ ಸಿಗೂ ಹಂಗ ಇರಲಿಲ್ಲ. ಎಷ್ಟು ಪಾರಿವಾಳ ಸಾಕ್ತೀರಿ ಅಂತ ಕೇಳಿದೆ. ಆತ ನನ್ನ ನೋಡಿದ, ಪೆಟ್ಟಿಗಿ ನೋಡಿದ, ಮತ್ತ ನನ್ನ ನೋಡಿದ.

"ಇದರಾಗ ಬಿಸಿಲು ಸಾಕ್ತೀವ್ರಿ," ಅಂದ.

ಅಷ್ಟಂದು ಗುದ್ದಲಿ ತಗೊಂಡು ಕುಣಿ ತೋಡಾಕ ನಿಂತ. ತಾನು ನಗದನ ಮಂದೀನ ನಗಸಾಂವ ಇವ ಅಂತ ನನಗ ಅವತ್ತ ಗೊತ್ತಾತು.

ಅದು ಸಾವಿರದ ಒಂಬೈನೂರಾ ಐವತ್ತೆರಡರ ಬ್ಯಾಸಿಗಿ. ನಿಜಾಮನ ಕಾಲ ಮುಗಿದು, ತುಂಗಭದ್ರಿ ಕಾಲುವಿ ಸಿಂಧನೂರು ಕಡಿ ಬರತೈತಿ ಅಂತ ಎಲ್ಲರ ಬಾಯಾಗೂ ಅದೇ ಮಾತು. ನೀರು ಬರೂದಕ್ಕಿಂತ ಮೊದಲ, ಅದನ್ನ ಬಿಸಿಲು ಎಷ್ಟು ಕುಡಿಯತೈತಿ ಅಂತ ಕಾಲುವಿ ಕಚೇರಿಯವರಿಗೆ ಗೊತ್ತಾಗಬೇಕಿತ್ತು. ಅದಕ ಲಿಂಗಸುಗೂರಾಗ ಒಂದು, ನಮ್ಮ ಮಸ್ಕ್ಯಾಗ ಒಂದು, ಸಿಂಧನೂರಾಗ ಒಂದು ಪೆಟ್ಟಿಗಿ ಇಟ್ರು. ನಮ್ಮ ಹಿತ್ತಲದಾಗ ಗಿಡ ಇರಲಿಲ್ಲ, ಹತ್ತರ ಗ್ವಾಡಿ ಇರಲಿಲ್ಲ, ಬಟಾ ಬಯಲು. ನಮ್ಮಪ್ಪ ಜಂಬಣ್ಣಗ ಎಣ್ಣಿ ಹಿಂಡಿ ಅಂಗಡಿ. ಸರ್ಕಾರದವರು ಕೇಳ್ಯಾರಂತ ಹಿಗ್ಗಿ ಜಾಗ ಕೊಟ್ಟ.

ಪೆಟ್ಟಿಗಿ ಕಾಯಾಕ ಬಂದಾತ ಲಿಂಗಸುಗೂರಿನ ಅಮರಗುಂಡಪ್ಪ. ನಮ್ಮ ಮಂದೀನ. ನೌಕರಿ ಟೆಂಪರ್ವರಿ. ಊಟ, ವಸ್ತಿ ಎಲ್ಲಾ ಮಠದಾಗ. ಮುಂಜಾನಿ ಒಂದ್ಸಲ, ಸಂಜಿಗೆ ಒಂದ್ಸಲ ಬಂದು ಪೆಟ್ಟಿಗಿ ಬಾಗಿಲು ತಗೀತಿದ್ದ. ಒಳಗಿನ ಬಿಸಿಲು ಅಳಿಯೂ ಗಾಜಿನ ಕಡ್ಡಿಗಳಾಗ ಒಂದು ಭಾರಿ ಶ್ಯಾಣ್ಯಾ ಇತ್ತಂತ. ಮಧ್ಯಾಹ್ನ ಎಷ್ಟು ಏರಿತ್ತು ಅನ್ನೂದನ್ನ ಹಿಡಕೊಂಡು ಕುಂತಿದ್ದು, ಸಂಜಿಗೆ ಬಂದಾವಗ ತೋರಸ್ತಿತ್ತು. ಹಂಗಾಗಿ ಸುಡು ಮಧ್ಯಾಹ್ನದಾಗ ಆತ ಬರೂ ಕೆಲಸನ ಇರಲಿಲ್ಲ. ಊರೆಲ್ಲ ಮಲಗಿದಾಗ ಆತನೂ ಮಠದಾಗ ಮಲಗಿರ್ತಿದ್ದ.

ನಾನು ಅಡಗಿ ಮನಿ ಕಿಡಕ್ಯಾಗ ನಿಂತು ನೋಡ್ತಿದ್ದೆ. ನೋಡೂದು ಮತ್ತೇನಿತ್ತು ಮಸ್ಕ್ಯಾಗ? ಬಾಗಿಲು ತಗಿಯೂ ಮುಂದ ಆತ ಒಮ್ಮೆ ಉಸಿರು ಎಳಕೊಂಡು ಗಪ್ಪಂತ ಹಿಡಿತಿದ್ದ. ಕುತ್ತಿಗಿ ನರ ಉಬ್ಬತಿತ್ತು. ಕಣ್ಣು ಸಣ್ಣ ಮಾಡಿ ಅಂಕಿ ಓದಿ, ಬಾಗಿಲು ಹಾಕಿ, ನಾಕು ಹೆಜ್ಜಿ ದೂರ ಸರದು ಆಮ್ಯಾಲ ಉಸಿರು ಬಿಡ್ತಿದ್ದ. ಯಾಕ ಅಂತ ಕೇಳಿದ್ದಕ್ಕ, ಉಸಿರಿನ ಬಿಸಿ ತಾಗಿದ್ರೂ ಪಾದರಸ ಏರತೈತಿ, ನಂದು ನಾನ ಅದರಾಗ ಬೆರಸಬಾರದು ಅಂದ.

ಓದಿದ ಮ್ಯಾಲ ಕಟ್ಟಿಗೆ ಬಂದು ಕುಂಡರ್ತಿದ್ದ. ಕಟ್ಟಿ ಮ್ಯಾಲ ನಮ್ಮಮ್ಮ ಶಿವಬಸಮ್ಮ ಇರ್ತಿದ್ಲು. ಅಮ್ಮ ಅಂದ್ರ ನಮ್ಮಪ್ಪನ ಹಡದಾಕಿ. ನನ್ನ ಹಡದ ಅವ್ವ ನಾನು ಸಣ್ಣಾಕಿ ಇದ್ದಾಗ ತೀರಿಕೊಂಡಿದ್ಲು, ನನ್ನ ಬೆಳಸಿದಾಕಿ ಈಕೀನ. ಮಜ್ಜಿಗಿ ತಾರಲೇ ಕಸ್ತೂರಿ ಅಂತ ಅಮ್ಮ ಕೂಗೂದ್ರಾಗ ನಾನು ಹೊಸ್ತಿಲದಾಗ ನಿಂತಿರ್ತಿದ್ದೆ. ಲೋಟ ಕೊಡೂ ಮುಂದ ಒಂದಿನ ಗಮನಿಸಿದೆ. ಆತನ ಕುತ್ತಿಗಿ ನರ ಉಬ್ಬೇತಿ.

ಅಮ್ಮ ಒಳಗ ಎದ್ದು ಹೋದಾಗ ಸಣ್ಣ ದನಿಲೆ ಕೇಳಿದೆ.

"ಪೆಟ್ಟಿಗಿ ಅಲ್ಲಿ ಐತಲ್ರಿ. ಇಲ್ಯಾಕ ಉಸಿರು ಹಿಡದೀರಿ?"

ಮಜ್ಜಿಗಿ ನೆತ್ತಿಗೇರಿ ಕೆಮ್ಮಿದ. ಕಿವಿ ಕೆಂಪಾದವು. ರೂಢಿ ಆಗೇತ್ರಿ ಅಂತ ನೆಲಕ್ಕ ಹೇಳಿ ಸೈಕಲ್ ಹತ್ತಿದ. ಅವತ್ತಿಂದ ನನಗೂ ಮಧ್ಯಾಹ್ನ ಅನ್ನೂದು ಭಾಳ ಉದ್ದ ಆತು, ಸಂಜಿ ಯಾವಾಗ ಬಂದೀತು ಅಂತ ಕಾಯೂದಾತು. ಮುಚ್ಚಿ ಹೇಳೂದೇನೈತಿ, ಆತ ನನ್ನ ಮನಸ್ಸಿಗೆ ಬಂದಿದ್ದ.

ಇದರ ನಡುವ ಒಂದಿನ ಅಮ್ಮ ಆ ಗಾಜಿನ ಕಡ್ಡ್ಯಾಗ ಏನೈತಿ ತಮ್ಮಾ ಅಂತ ಕೇಳಿದ್ಲು. ಪಾದರಸ ಐತ್ರಿ ಅಂದ. ಅಮ್ಮನ ಕೈ ಕೊರಳಿನ ಲಿಂಗದ ಮ್ಯಾಲ ಹೋತು. ಪಾದರಸ ಅಂದ್ರ ಶಿವನ ಅಂಶ ಅಂತ ಮಠದ ಪುರಾಣದಾಗ ಕೇಳಿದಾಕಿ ಆಕಿ. ಗುಡ್ಡದ ಮಲ್ಲಯ್ಯ ದೇವರಿಗೆ ಬ್ಯಾಸಿಗಿ ಬಿಸಿಲು ತಾಳೂದಿಲ್ಲಂತ ಲಿಂಗದ ಮ್ಯಾಲ ತೂತಿನ ಗಡಿಗಿ ಕಟ್ಟಿ ಹಗಲೆಲ್ಲ ನೀರು ಹನಿಸ್ತಾರ, ನೀವು ಶಿವನ್ನ ಒಯ್ದು ಬಿಸಲಾಗ ನಿಂದ್ರಿಸೀರಲ್ಲ ಅಂತ ಕಣ್ಣಾಗ ನೀರು ತಂದ್ಲು. ಆತ ಪಾಪ, ಎಷ್ಟೊತ್ತೋ ಕುಂತು ಬಿಡಿಸಿ ಬಿಡಿಸಿ ಹೇಳಿದ. ಅಮ್ಮ ಹೂಂ ಹೂಂ ಅಂತ ತಲಿ ಆಡಿಸಿದ್ಲು. ಆಕಿಗೆ ತಿಳೀತು ಅಂತ ಆತ ಖುಷಿಯಾಗಿ ಹ್ವಾದ. ಆಕಿ ಯಾರ ಮಾತಿಗೂ ಇಲ್ಲ ಅಂದಾಕಿ ಅಲ್ಲ, ಯಾರ ಮಾತೂ ಕೇಳಿದಾಕೀನೂ ಅಲ್ಲ.

ಬಿಸಿಲು ಜೋರಾತು. ಲಿಂಗಸುಗೂರಾಗ ನೂರಾ ಎಂಟು ಡಿಗ್ರಿ, ಸಿಂಧನೂರಾಗ ನೂರಾ ಹತ್ತು. ನಮ್ಮ ಮಸ್ಕ್ಯಾಗ ತೊಂಬತ್ತೊಂಬತ್ತು. ಮೊದಲ ಯಾರೂ ನಂಬಲಿಲ್ಲ. ಗಾಜಿನ ಕಡ್ಡಿ ಬದಲಿಸಿ ನೋಡಿದ್ರು, ಮತ್ತ ಅಷ್ಟ. ಲಿಂಗಸುಗೂರಾಗ ಹಿಂದಕ ಬಿಳೀ ಮಂದಿ ದಂಡು ಇತ್ತಲ್ಲ, ಆಗಿನ ಬಿಸಿಲಿನ ಲೆಕ್ಕ ಒಂದು ಕಪಾಟಿನ್ಯಾಗ ಧೂಳು ತಿನ್ನಾಕತ್ತಿತ್ತಂತ. ಅಮರಗುಂಡಪ್ಪ ಹೋಗಿ ಅದನ್ನೂ ತಿರುವಿ ಬಂದ. ಯಾವನೋ ದಂಡಿನ ಡಾಕ್ಟರ ಮಸ್ಕ್ಯಾಗ ಕೆಲವು ದಿನ ತಂಗಿ, ಈ ಊರು ರೊಟ್ಟಿ ಹಂಚು ಇದ್ದಂಗೈತಿ ಅಂತ ಬರದಿಟ್ಟು ಹೋಗಿದ್ದ. ಇದನ್ನ ಕೇಳಿ ಕಾಲುವಿ ಕಚೇರಿ ಎಂಜಿನಿಯರ್ ಸಾಹೇಬ್ರು ಖುಷ್ ಆದ್ರು. ಹಂಗಾದ್ರ ಐವತ್ತು ವರ್ಷದಾಗ ಮಸ್ಕಿ ತಣ್ಣಗಾಗೇತಿ ಅಂದ್ರು. ಜೀಪಿನ್ಯಾಗ ಬಂದು, ಗುಡ್ಡದ ಬುಡಕ ಛತ್ರಿ ಹಿಡಕೊಂಡು ನಿಂತು, ಈ ಗುಡ್ಡ ಗಾಳಿ ಎಳೀತೈತಿ ಅಂತ ಬೆವರು ಒರಸಿಕೊಂತ ಹೇಳಿದ್ರು. ಕಾಲುವಿ ಕಚೇರಿ, ನೌಕರದಾರರ ಕ್ವಾರ್ಟರ್ಸು ಎಲ್ಲ ಸಿಂಧನೂರು ಬಿಟ್ಟು ಮಸ್ಕ್ಯಾಗ ಆಗಲಿ ಅಂತ ಮಾತಾತು. ಈ ತಂಪು ಪತ್ತೆ ಹಚ್ಚಿದ ಅಮರಗುಂಡಪ್ಪನ್ನ ಮಸ್ಕ್ಯಾಗ ಪರ್ಮನೆಂಟ್ ಮಾಡೂದಂತನೂ ಮಾತಾತು.

ಆ ಸಂಜಿ ಆತ ಕಟ್ಟಿಗೆ ಬರಲಿಲ್ಲ. ನಾನು ಒಣಗಿದ ಸೀರಿ ತಗಿಯಾಕ ಹಿತ್ತಲಿಗೆ ಹೋಗಿದ್ದೆ, ಪೆಟ್ಟಿಗಿ ಹತ್ತರ ನಿಂತಿದ್ದ. ಹೇಳಬೇಕಾದ್ದನ್ನ ಮಠದಾಗ ಬಾಯಿಪಾಠ ಮಾಡಿಕೊಂಡು ಬಂದಂಗಿತ್ತು.

"ಟೆಂಪರ್ವರಿ ನೌಕರಿ ಇಟಗೊಂಡು ನಿಮ್ಮಪ್ಪಾರನ್ನ ಕೇಳಾಕ ಮುಖ ಇರಲಿಲ್ರಿ. ಈಗ ಇಲ್ಲೇ ಕಾಯಂ ಆಕ್ಕೀನಿ. ಹಿರಿಯರನ್ನ ಕಳಸಲೇನ್ರಿ?"

ನನ್ನ ಬಾಯಿ ಸುಮ್ಮನಿರಲಿಲ್ಲ. ಮೊದಲ ಉಸಿರು ಬಿಡ್ರಿ, ಆಮ್ಯಾಲ ಹೇಳ್ತೀನಿ ಅಂದೆ. ಬಿಟ್ಟ. ಕಳಸ್ರಿ ಅಂದೆ.

ಮರುದಿನ ಮಧ್ಯಾಹ್ನ ಹಿಗ್ಗಿಗೆ ನಿದ್ದಿ ಬರಲಿಲ್ಲ. ಊರೆಲ್ಲ ಸತ್ತಂಗ ಮಲಗಿತ್ತು. ಹಿತ್ತಲದಾಗ ಏನೋ ತೊಟಕ್ ತೊಟಕ್ ಅಂತ ಸಪ್ಪಳ ಕೇಳಿ ಎದ್ದು ಹ್ವಾದೆ.

ಸತ್ತ ನಮ್ಮ ಮುತ್ಯಾನ ಬಿಳೀ ಪಂಚಿ ಒದ್ದಿ ಮಾಡಿ ಪೆಟ್ಟಿಗಿಗೆ ಸುತ್ತೂ ಹೊದಿಸಿತ್ತು. ಅಮ್ಮ ತಲಿ ಮ್ಯಾಲ ಸೆರಗು ಹೊತಗೊಂಡು, ತೂತಿನ ಗಡಿಗಿ ಎರಡೂ ಕೈಲೆ ಹಿಡದು, ಅದರ ನೆತ್ತಿ ಮ್ಯಾಲ ನೀರು ಹನಿಸಾಕತ್ತಿದ್ಲು. ತುಟಿ ಶಿವಾ ಶಿವಾ ಅನ್ನಾಕತ್ತಿದ್ದವು. ಹೊಸ ಕೈ ಅಲ್ಲ ಅದು. ಎಷ್ಟು ಹೊತ್ತು ಹನಿಸಬೇಕು, ಯಾವಾಗ ಪಂಚಿ ತಗೀಬೇಕು ಎಲ್ಲಾ ಗೊತ್ತಿದ್ದ ಕೈ. ಬಿಸಿಲು ಇಳಿದ ಮ್ಯಾಲ ಪಂಚಿ ಹಿಂಡಿ ಹಗ್ಗಕ್ಕ ಹಾಕಿದ್ಲು. ನೋಡ ನೋಡೂದ್ರಾಗ ಹಲಗಿ ಒಣಗಿದವು.

ಮೊದಲ ನಗಿ ಬಂತು. ಆಮ್ಯಾಲ ಅರ್ಥ ಆತು. ತಣ್ಣಗಾಗಿದ್ದು ಮಸ್ಕಿ ಅಲ್ಲ, ನಮ್ಮ ಮುತ್ಯಾನ ಪಂಚಿ. ಅದರ ತಂಪು ನಂಬಿ ಸಾಹೇಬ್ರು ಊರು ಕಟ್ಟಾಕ ಹೊಂಟಾರ. ನನ್ನ ಮದುವಿನೂ ಅದ ಪಂಚಿ ಮ್ಯಾಲ ನಿಂತೈತಿ.

ನಾನು ಬಾಯಿ ಮುಚ್ಚಿಕೊಂಡ್ರ ಮುಗೀತು. ಅಮ್ಮ ಜೀವ ಇರೂ ತನಕ ಹನಿಸ್ತಾಳ. ಆತ ಕಾಯಂ ಆಕ್ಕಾನ, ನಮ್ಮಪ್ಪ ಹೂಂ ಅಂತಾನ. ಖರೇ ಹೇಳಿದ್ರ ಮದುವಿ ಮಾತು ಮುರಿತೈತಿ. ನಮ್ಮಪ್ಪ ಹಳೇ ಗಿರಾಕಿಗೂ ಉದ್ರಿ ಕೊಡಾಂವ ಅಲ್ಲ, ಟೆಂಪರ್ವರಿ ಮಂದಿಗೆ ಮಗಳನ್ನ ಕೊಟ್ಟಾನೇನು? ಸಂಜಿಗೆ ಆತ ಬಂದ. ಬಾಗಿಲು ಮುಂದ ನಿಂತು, ಎಂದಿನಂಗ ಉಸಿರು ಹಿಡದ. ತನ್ನ ಉಸಿರೂ ಬೆರಸದ ಮನಷ್ಯಾನ ಮುಂದ ನಾನು ಇಷ್ಟು ದೊಡ್ಡ ಮಾತು ಹೊಟ್ಟ್ಯಾಗ ಇಟಗೊಂಡು ಹ್ಯಾಂಗ ಬಾಳುವೆ ಮಾಡಲಿ ಅನಿಸ್ತು. ಲೋಟ ಕೊಡೂ ಮುಂದ, ನಾಳೆ ಮಧ್ಯಾಹ್ನ ಸಪ್ಪಳ ಮಾಡದ ಹಿತ್ತಲಿಗೆ ಬರ್ರಿ ಅಂದೆ.

ಬಂದ. ಹಿತ್ತಲದ ಆ ತುದಿಗಿದ್ದ ದನದ ಕೊಟಗಿ ಮರಿಗೆ ಇಬ್ಬರೂ ನಿಂತ್ವಿ. ಅಮ್ಮ ಪಂಚಿ ಹೊದಿಸಿದ್ದು, ಗಡಿಗಿ ಎತ್ತಿದ್ದು, ಶಿವಾ ಅಂದಿದ್ದು ಎಲ್ಲಾ ನೋಡಿದ. ಸಿಟ್ಟು ಬರತೈತಿ ಅಂತ ನಾನು ತಯಾರಾಗಿದ್ದೆ. ಆತ ಮೇವಿನ ಮ್ಯಾಲ ಕುಸದು ಕುಂತು, ಬಾಯಾಗ ಟವಲ್ ಇಟಗೊಂಡು ನಗಾಕ ಹತ್ತಿದ. ಭುಜ ಕುಣಿದವು, ಕಣ್ಣಾಗ ನೀರು ಬಂತು. ಆತ ನಗೂದನ್ನ ನಾನು ನೋಡಿದ್ದು ಅದ ಮೊದಲು. ಆಮ್ಯಾಲ ನಗಿ ನಿಂತಿತು. ನಿಂತ ಮ್ಯಾಲ ಮುಖ ನೋಡಾಕ ಆಗಲಿಲ್ಲ.

"ನೀ ಹೇಳದಿದ್ರ ನನಗ ಗೊತ್ತಾಗ್ತಿರಲಿಲ್ಲ," ಅಂದ. ನೀ ಅಂದಿದ್ದೂ ಅವತ್ತ ಮೊದಲು. "ಎಲ್ಲಾ ಹೋಗತೈತಿ ಅಂತ ಗೊತ್ತಿದ್ದೂ ಯಾಕ ಕರದಿ?"

"ನೀವು ಉಸಿರು ಹಿಡಿಯೂದು ನೋಡೀನಲ್ರಿ. ಅದಕ."

ಮರುದಿನ ಆತ ಮಧ್ಯಾಹ್ನ ಪೂರಾ ಪೆಟ್ಟಿಗಿ ಪಕ್ಕ ಬಿಸಲಾಗ ನಿಂತ. ಅಮ್ಮ ಗಡಿಗಿ ಹಿಡಕೊಂಡು ಕಟ್ಟಿ ಮ್ಯಾಲ ಸಿಟ್ಟಿಲೆ ಕುಂತಿದ್ಲು. ಸಂಜಿಗೆ ನೂರಾ ಹನ್ನೆರಡು. ದಂಡಿನ ಡಾಕ್ಟರ ಸುಳ್ಳು ಬರದಿರಲಿಲ್ಲ. ಯಾರೂ ಕರೀದ ಆತ ತಾನ ಲಿಂಗಸುಗೂರಿಗೆ ಸೈಕಲ್ ತುಳಕೊಂಡು ಹೋಗಿ ಸಾಹೇಬ್ರಿಗೆ ಹೇಳಿ ಬಂದ. ಯಾರು ಹನಿಸಿದ್ರು ಅಂತ ಕೇಳಿದ್ದಕ್ಕ, ಕಾಯೂ ಕೆಲಸ ನಂದು, ತಪ್ಪೂ ನಂದ ಅಂದನಂತ. ಮಸ್ಕಿ ಲೆಕ್ಕ ಪೂರಾ ಹೊಡದು ಹಾಕಿದ್ರು. ಕಚೇರಿ ಸಿಂಧನೂರಿಗೆ ಹೋತು. ನೌಕರಿ ತಗೀಲಿಲ್ಲ, ಆದ್ರ ಟೆಂಪರ್ವರೀನ ಉಳೀತು. ಪೆಟ್ಟಿಗಿ ಕಿತಗೊಂಡು ಸಿಂಧನೂರು ಕಡಿ ಸಾಲಗುಂದಕ್ಕ ಹೋಗು ಅಂದ್ರು.

ಹೋಗೂ ದಿನ ಮುಂಜಾನಿ ಬಂಡಿ ಬಂತು. ಪೆಟ್ಟಿಗಿ ಬಂದಂಗ ಹೊಂಟಿತು, ಆತನೂ ಬಂದಂಗ ಸೈಕಲ್ ಹಿಡಕೊಂಡು ನಿಂತ. ನಮ್ಮಪ್ಪ ಕಟ್ಟಿ ಮ್ಯಾಲ ಎಲಿ ಅಡಕಿ ಹಾಕ್ಕೊಂತ ಕುಂತಿದ್ದ. ನಾನು ಮಜ್ಜಿಗಿ ಹಿಡಕೊಂಡು ಬಾಗಿಲದಾಗ ನಿಂತಿದ್ದೆ, ಅತ್ತು ಅತ್ತು ಕಣ್ಣು ಊದಿದ್ದವು. ಆತ ಅಮ್ಮನ ಕಾಲಿಗೆ ಬಿದ್ದ. ಅಮ್ಮ ಎಲ್ಲಿಗೆ ಒಯ್ಯಾಕತ್ತಿ ಅಂತ ಕೇಳಿದ್ಲು. ಸಾಲಗುಂದಕ್ರಿ ಅಂದ. ಅಲ್ಲಿ ನೆರಳೈತೇನು ಅಂದ್ಲು. ಎರಿ ಹೊಲ ಅದಾವ್ರಿ, ನೆರಳಿಲ್ರಿ ಅಂದ. ಅಮ್ಮ ನನ್ನ ನೋಡಿದ್ಲು, ಆತನ್ನ ನೋಡಿದ್ಲು, ನಮ್ಮಪ್ಪನ ಕಡಿ ತಿರುಗಿದ್ಲು.

"ಜಂಬಣ್ಣ, ಶಿವನ ಅಂಶ ಬಯಲಿಗೆ ಹೊಂಟೈತಿ. ಹಿಂದ ನೀರು ಹನಿಸಾಕ ನಮ್ಮ ಮನಿಯಾಕಿ ಒಬ್ಬಾಕಿ ಬ್ಯಾಡೇನು? ಕಸ್ತೂರಿನ ಈತಗ ಕೊಡು."

ನಮ್ಮಪ್ಪ ಎಲಿ ಉಗುಳಿ, ಇವನ ನೌಕರಿ ಟೆಂಪರ್ವರಿ ಐತವ್ವಾ ಅಂದ.

"ಇವನ ನೌಕರಿ ಬಿಸಿಲು ನೋಡೂದು," ಅಂದ್ಲು ಅಮ್ಮ. "ನಮ್ಮ ಕಡಿ ಬಿಸಿಲು ಎಂದರ ಹೋಗೇತೇನಪ್ಪಾ?"

ನಮ್ಮಪ್ಪ ವ್ಯಾಪಾರದಾಂವ. ಈ ಮಾತು ಒಂದೀಟು ತೂಗಿ ನೋಡಿದ. ಅಂಗಳದ ಕಡಿ ನೋಡಿದ. ಮುಂಜಾನಿಗೇ ಕಲ್ಲು ಕಾಯಾಕ ಹತ್ತಿದ್ದವು. ಹಿರಿಯರನ್ನ ಕಳಸಂತ ಹೇಳು ಅಂತ, ಆತಗ ಅಲ್ಲ, ಅಮ್ಮಗ ಹೇಳಿ ಅಂಗಡಿಗೆ ಎದ್ದು ಹ್ವಾದ. ನಾನು ಲೋಟ ಕೊಡಾಕ ಹ್ವಾದೆ. ಆತನ ಕುತ್ತಿಗಿ ನರ ಉಬ್ಬಿದ್ದವು. ಲೋಟ ನನ್ನ ಕೈಯಾಗ ಇರೂದ್ರಾಗನ ಉಸಿರು ಬಿಟ್ಟ, ಬಂಡ್ಯಾಂವಗೂ ಕೇಳಿಸ್ತು.

ಮುಂಗಾರಿ ಬಿತ್ತಿಗಿ ಮುಗಿದ ಮ್ಯಾಲ ಮದುವಿ ಆತು. ಅಮ್ಮ ನನ್ನ ಅರಿವಿ ಟ್ರಂಕಿನ್ಯಾಗ ಮುತ್ಯಾನ ಪಂಚಿ ಮಡಚಿ ಇಟ್ಟು ಕಳಿಸಿದ್ಲು. ಸಾಲಗುಂದಕ್ಕ ಬಂದಾಗೆಲ್ಲ, ದಿನಾ ಹನಿಸ್ತೀಯಿಲ್ಲಲೇ ಅಂತ ಕೇಳ್ತಿದ್ಲು. ಹನಿಸ್ತೀನಮ್ಮಾ ಅಂತಿದ್ದೆ. ಸುಳ್ಳಲ್ಲ ಅದು. ಸಾಲಗುಂದದ ಬಿಸಿಲು ಇದ್ದಷ್ಟ ಲೆಕ್ಕಕ್ಕ ಹೋಗತಿತ್ತು, ಪೆಟ್ಟಿಗಿಗೆ ನಾನು ಒಂದು ಹನಿ ತಾಗಿಸಲಿಲ್ಲ. ಆತ ಬಯಲಿನಿಂದ ಬೆವತು ಬಂದು ಕಟ್ಟಿಗೆ ಕುಂತಾಗ ಆ ಪಂಚಿ ಒದ್ದಿ ಮಾಡಿ ಆತನ ತಲಿ ಮ್ಯಾಲ ಹೊದಿಸ್ತಿದ್ದೆ, ಮ್ಯಾಲ ತಂಬಿಗಿಲೆ ಸಾವಕಾಶ ನೀರು ಹಾಕ್ತಿದ್ದೆ. ಆತ ಕಣ್ಣು ಮುಚ್ಚಿ ಸುಮ್ಮನ ಉಸಿರಾಡಿಕೊಂತ ಕುಂಡರ್ತಿದ್ದ.